ಆಯಿ ಪರದೆಯ ಮುಂದೆ ಕೂತ ದಿನ

ಇಪ್ಪತ್ತೆರಡು ವರ್ಷ ಮದುವೆ ವಿಡಿಯೋ ತೆಗೆದವನು ನಾನು. ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಸಾವಳಗಿಯಿಂದ ಹಿಡಿದು ಮುಧೋಳ, ಬೀಳಗಿಯವರೆಗೆ ಎಷ್ಟು ಮದುಮಕ್ಕಳಿಗೆ "ಗದ್ದ ಸ್ವಲ್ಪ ಮ್ಯಾಲ ಮಾಡ್ರಿ, ಈ ಕಡೆ ನೋಡ್ರಿ, ನಗ್ರಿ" ಅಂದಿದ್ದೇನೋ ನೆನಪಿಲ್ಲ. ಆ ಕೆಲಸದಿಂದ ನನಗೆ ಬಂದ ಬುದ್ಧಿ ಒಂದೇ: ಯಾವುದನ್ನೇ ಆಗಲಿ ಎದುರಿನಿಂದ ತೆಗೆಯಬೇಕು. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುವೆ ಮಾಡಿಸುವ ಅಯ್ಯನವರ ಬೆನ್ನು ಅಡ್ಡ ಬಂದರೆ ಅವರ ಹೆಗಲು ಹಿಡಿದು ಸರಿಸಿದವನು ನಾನು. ಅದಕ್ಕೆ ಬೈಸಿಕೊಂಡಿದ್ದೇನೆ, ತಿರುಗಿ ಬೈದೂ ಇದ್ದೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೂ ಹೇಳುತ್ತಾರೆ, ಗಿರಾಕಿಗಳೂ ಹೇಳುತ್ತಾರೆ.

ಒಂದು ಧನುರ್ಮಾಸದಲ್ಲಿ, ಮದುವೆಗಳಿಲ್ಲದೆ ಕ್ಯಾಮೆರಾದ ಚೀಲ ಮೊಳೆಗೆ ನೇತುಬಿದ್ದಿದ್ದಾಗ, ಧಾರವಾಡದ ಕಡೆಯಿಂದ ಒಬ್ಬ ಮೇಡಮ್ಮು ಸ್ಟುಡಿಯೋಕ್ಕೆ ಬಂದರು. ಹಾಡು, ಕುಣಿತ, ಗೊಂಬೆಯಾಟ ಇಂಥ ಕಲೆ ಇಟ್ಟುಕೊಂಡ ಜನರ ಜೊತೆ ಕೂತು, ಅವರ ಕೈಯಿಂದಲೇ ಅವರ ಸಿನಿಮಾ ಮಾಡಿಸುವ ಗುಂಪು ಅವರದು. ಚಿಕ್ಕಪಡಸಲಗಿ ಬ್ಯಾರೇಜಿನಿಂದ ಸ್ವಲ್ಪ ಮೇಲೆ, ಕೃಷ್ಣೆಯ ದಂಡೆಯಲ್ಲಿ ಕಿಳ್ಳೇಕ್ಯಾತರ ಹತ್ತು ಹದಿನೈದು ಮನೆಗಳಿವೆ. ತಲೆತಲಾಂತರದಿಂದ ಹೊಳೆಯಲ್ಲಿ ಮೀನು ಹಿಡಿಯುವವರು, ತೊಗಲುಗೊಂಬೆ ಆಡಿಸುವವರು. ಅವರಿಗೆ ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನು ಕಲಿಸಬೇಕು ಎಂದರು. ಕಲಿಸುವುದಷ್ಟೇ ನನ್ನ ಕೆಲಸ.

"ಕ್ಯಾಮೆರಾ ಅವರ ಕೈಯಾಗ ಇರಬೇಕು. ನೀವು ಮುಟ್ಟಬಾರದು. ಏನು ತಗೀಬೇಕು, ಎಲ್ಲಿಂದ ತಗೀಬೇಕು, ಅವರೇ ಹೇಳ್ತಾರ," ಎಂದರು ಮೇಡಮ್.

ಆಗಲಿ ಅಂದೆ. ಮನಸ್ಸಿನಲ್ಲಿ ಮಾತ್ರ, ಎರಡು ದಿನ ನೋಡೋಣ, ಮೂರನೇ ದಿನ ತಾವೇ ತಂದು ನನ್ನ ಕೈಗೆ ಕೊಡುತ್ತಾರೆ ಅಂದುಕೊಂಡೆ.

ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ದಾರಿ ತುಂಬಾ ಹೊರಟಿದ್ದವು. ಅವುಗಳ ಹಿಂದೆ ಬೈಕು ಓಡಿಸಿಕೊಂಡು ನಾನು ಹೊಳೆಯ ದಂಡೆಗೆ ಹೋದಾಗ, ಗಂಡಸರು ಬೆಳಿಗ್ಗೆ ಎತ್ತಿದ ಬಲೆಗಳನ್ನು ಬಿಸಿಲಿಗೆ ಹರವುತ್ತಿದ್ದರು. ತೆಪ್ಪಗಳನ್ನು ಬೋರಲು ಹಾಕಿದ್ದರು. ಹೆಂಗಸರು ಮೀನು ಮಾರಿ ಬುಟ್ಟಿ ತೊಳೆಯುತ್ತಿದ್ದರು. ತಮ್ಮತಮ್ಮಲ್ಲಿ ಮರಾಠಿ ಬೆರೆತ ಒಂದು ಮಾತು ಆಡಿಕೊಳ್ಳುತ್ತಿದ್ದರು, ನನಗೆ ಅರ್ಧ ತಿಳಿಯುತ್ತಿತ್ತು. ನನ್ನನ್ನು ಕಂಡಕೂಡಲೇ ಎಲ್ಲರೂ ಕನ್ನಡಕ್ಕೆ ಬಂದರು.

ಗೊಂಬೆಗಳ ಮನೆಯ ಹಿರಿಯಳನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ನಾನೂ ಹಾಗೆಯೇ ಅಂದೆ. ಎಪ್ಪತ್ತರ ಆಸುಪಾಸಿನ ಹೆಣ್ಣುಮಗಳು. ಮೈ ಸಣ್ಣ, ದನಿ ಮಾತ್ರ ಆಚೆ ದಂಡೆಗೆ ಕೇಳಬೇಕು. ಗಂಡ ತೀರಿ ಐದಾರು ವರ್ಷವಾಗಿತ್ತು. ಅವನು ಇದ್ದಷ್ಟು ದಿನ ಅವನು ಗೊಂಬೆ ಆಡಿಸಿದ, ಇವಳು ಹಾಡಿದಳು. ಈಗ ಮಗ ಆಡಿಸುತ್ತಾನೆ, ಇವಳು ಹಾಡುತ್ತಾಳೆ. ಮಗನಿಗೆ ನಲವತ್ತು ದಾಟಿದೆ, ಮಾತು ಕಡಿಮೆ. ಸೊಸೆ ತಾಳ ಹಾಕುತ್ತಾಳೆ, ದೀಪಕ್ಕೆ ವೈರು ಜೋಡಿಸುತ್ತಾಳೆ, ಅತ್ತೆ ಕೇಳಿದ ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದು ಗಂಡನ ಕೈಗೆ ಕೊಡುತ್ತಾಳೆ.

ಆ ಪೆಟ್ಟಿಗೆಯನ್ನು ನನ್ನೆದುರು ಮೊದಲ ಸಲ ತೆರೆದದ್ದು ಆಯಿಯೇ. ಊದಿನಕಡ್ಡಿ ಹಚ್ಚಿ, ಕೈಮುಗಿದು, ಮುಚ್ಚಳ ಎತ್ತಿದಳು. ಒಳಗೆ ಗೊಂಬೆಗಳು ಹಪ್ಪಳದ ಹಾಗೆ ಒಂದರ ಮೇಲೊಂದು ಮಲಗಿದ್ದವು. ರಾಜರು, ರಾಣಿಯರು, ಕುದುರೆಗಳು, ಒಂದು ಹುಲಿ. ಎಲ್ಲರ ಮೇಲೆ, ಯಾರ ಭಾರವೂ ತನ್ನ ಮೇಲಿಲ್ಲದ ಹಾಗೆ, ಒಂದು ಕರಿಯ ಗೊಂಬೆ. ಡೊಳ್ಳುಹೊಟ್ಟೆ, ಮುಂದೆ ಚಾಚಿದ ಗದ್ದ, ನೆಟ್ಟಗೆ ನಿಂತ ಜುಟ್ಟು. ಆಯಿ ಅದನ್ನು 'ನಗಸಾಂವ' ಅನ್ನುತ್ತಿದ್ದಳು. ಕಥೆ ಯಾವುದೇ ಇರಲಿ, ನಡುವೆ ಬಂದು ಜನರನ್ನು ನಗಿಸಿ ಹೋಗುವವನು.

"ಇಂವಾ ನಮ್ಮ ಮನ್ಯಾಗ ಎಲ್ಲಾರಕಿಂತ ಹಿರ್ಯಾಂವ. ನಮ್ಮ ಮಾವನ ಅಪ್ಪನ ಕೈಯಾನಾಂವ," ಎಂದಳು. ಕುತ್ತಿಗೆಯ ಹತ್ತಿರ ತೊಗಲು ಸೀಳಿತ್ತು. ಮೂರು ಸಲ ಹೊಲಿದ ದಾರ ಕಾಣುತ್ತಿತ್ತು.

ಪಾಠ ಶುರುವಾಯಿತು. ಮೊಬೈಲು ಅಡ್ಡ ಹಿಡಿಯಿರಿ, ಕೈ ನಡುಗಿಸಬೇಡಿ, ಬೆಳಕು ನಿಮ್ಮ ಬೆನ್ನಿಗಿರಲಿ. ಬೆಳಕು ಬೆನ್ನಿಗಿರಲಿ ಅಂದಾಗ ಹೆಂಗಸರು ನಕ್ಕರು. ಯಾಕೆ ನಕ್ಕರೆಂದು ಆಮೇಲೆ ಹೊಳೆಯಿತು. ಪರದೆಯ ಹಿಂದೆ ಕೂತವರಿಗೆ ದೀಪ ಯಾವತ್ತೂ ಬೆನ್ನಿಗೇ ಇರುತ್ತದೆ. ಎಲ್ಲರಿಗಿಂತ ಬೇಗ ಕಲಿತವಳು ಸೊಸೆ. ಎರಡನೇ ದಿನವೇ ಅವಳ ಕೈ ನನ್ನ ಸ್ಟುಡಿಯೋದ ಹುಡುಗರ ಕೈಗಿಂತ ಗಟ್ಟಿಯಾಗಿತ್ತು.

ಆದರೆ ಅವಳು ತೆಗೆದುಕೊಂಡು ಬಂದದ್ದನ್ನು ನೋಡಿ ನನ್ನ ತಲೆ ಕೆಟ್ಟಿತು. ಎಲ್ಲಾ ಪರದೆಯ ಹಿಂದಿನದು. ಗಂಡನ ಮೊಣಕೈ, ಅತ್ತೆಯ ಕುತ್ತಿಗೆ, ಉಸಿರು ಎಳೆದುಕೊಳ್ಳುವಾಗ ಉಬ್ಬುವ ಅತ್ತೆಯ ಗಂಟಲು, ತೊಡೆಯ ಮೇಲೆ ತಾಳ ಬಡಿಯುವ ಬೆರಳು. ಬರೇ ಬೆನ್ನು, ಬರೇ ಮೊಣಕೈ. ಗೊಂಬೆ ಎಲ್ಲಿ? ಗೊಂಬೆಯ ಬೆನ್ನು ಕಾಣುತ್ತಿತ್ತು.

"ತಂಗೀ, ಮುಂದ ಹೋಗಿ ತಗೀ. ಮಂದಿ ಗೊಂಬಿ ನೋಡಾಕ ಬರ್ತಾರ. ನಿನ್ನ ಅತ್ತಿ ಕುತಗಿ ನೋಡಾಕ ಬರ್ತಾರೇನು?" ಎಂದೆ.

"ಮಾಸ್ತರ್ರ, ಆಟ ನಡ್ಯೂದು ಇಲ್ಲೆ ಅಲ್ರಿ," ಎಂದಳು ಅವಳು, ತಣ್ಣಗೆ. "ಮುಂದ ಬರೇ ನೆಳ್ಳ ಬೀಳತೈತಿ."

ನಾನು ಮೇಡಮ್ಮರ ಕಡೆ ನೋಡಿದೆ. ಅವರು ಚಹಾ ಕುಡಿಯುತ್ತಿದ್ದರು. ಆ ದಿನ ಬೈಕನ್ನು ಬೇಕಂತಲೇ ಜೋರಾಗಿ ಓಡಿಸಿಕೊಂಡು ಮನೆಗೆ ಹೋದೆ.

ಪರದೆಯ ಮಾತು ಬಂದಾಗ ಮಾತ್ರ ನನಗೆ ಜೀವ ಬಂತು. ಅವರ ಹಳೆಯ ಪರದೆ ತೂತುಬಿದ್ದಿತ್ತು. ನಾನು ಹುಟ್ಟಿದ್ದು ಬನಹಟ್ಟಿಯ ನೇಕಾರರ ಮನೆಯಲ್ಲಿ. ಬಟ್ಟೆಯ ವಿಷಯದಲ್ಲಾದರೂ ನನ್ನ ಮಾತು ನಡೆಯಬೇಕಲ್ಲ. ಪವರ್‌ಲೂಮಿನ ಹಾಲುಬಿಳಿ ಬಟ್ಟೆ, ಒಂದೂ ಸುಕ್ಕಿಲ್ಲದ್ದು, ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಆಯಿಯ ಮುಂದೆ ಹರವಿದೆ. ಅವಳು ಸೊಸೆಯಿಂದ ದೀಪ ಹಿಡಿಸಿ, ಬಟ್ಟೆಗೆ ಹುಲಿಯನ್ನು ಒತ್ತಿ ನೋಡಿದಳು. ದೀಪ ಇದ್ದಲ್ಲಿ ಕಣ್ಣು ಕುಕ್ಕುವ ಒಂದು ಗುಂಡು, ಸುತ್ತ ಏನೂ ಇಲ್ಲ. ಹುಲಿಯ ಬಣ್ಣ ತೊಳೆದುಹೋದಂತಿತ್ತು.

"ಇದು ಬೆಳಕ ಕುಡ್ಯಾಂಗಿಲ್ಲ ತಮ್ಮಾ, ಉಗಳತೈತಿ," ಎಂದಳು.

ಮುಖ ಸಣ್ಣದು ಮಾಡಿಕೊಂಡು ಬನಹಟ್ಟಿಗೆ ಅಣ್ಣನ ಹತ್ತಿರ ಹೋದೆ. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಪವರ್‌ಲೂಮುಗಳು ಸದ್ದು ಮಾಡುತ್ತವೆ. ಅಣ್ಣ ಮಾತ್ರ ಹಟಕ್ಕೆ ಬಿದ್ದವನ ಹಾಗೆ ಒಂದು ಕೈಮಗ್ಗ ಇಟ್ಟುಕೊಂಡು, ಹಳೆಯ ಗಿರಾಕಿಗಳಿಗೆ ಹತ್ತಿಯ ಧೋತರ ನೇಯುತ್ತಾನೆ. ನಾನು ಮಗ್ಗ ಬಿಟ್ಟು ಕ್ಯಾಮೆರಾ ಹಿಡಿದದ್ದಕ್ಕೆ ಅವನಿಗೆ ಇನ್ನೂ ಅಸಮಾಧಾನ. ವಿಷಯ ಕೇಳಿ ಮಗ್ಗದಿಂದ ಎದ್ದ. ಆಮೇಲೆ ಪೆಟ್ಟಿಗೆಯಿಂದ ಎರಡು ಧೋತರ ತೆಗೆದು ಬೆಳಕಿಗೆ ಹಿಡಿದು, ಬೆರಳಿಂದ ಸವರಿ ನೋಡಿದ.

"ಇಷ್ಟ ವರ್ಷ ನೇಯ್ದೇನಿ, ನನ್ನ ಬಟ್ಟಿ ಮ್ಯಾಲ ಗೊಂಬಿ ಕುಣದಿಲ್ಲ," ಎಂದ. "ಆಟದ ದಿನ ಹೇಳು, ಬರ್ತೇನಿ."

ಅವೆರಡನ್ನು ಜೋಡಿಸಿ ಹೊಲಿದ ಪರದೆಯ ಮೇಲೆ ಹುಲಿ ಬಣ್ಣ ಸಮೇತ ಎದ್ದು ನಿಂತಿತು. ಆಯಿ ನನ್ನ ಕಡೆ ನೋಡಿ, "ನಿಮ್ಮಣ್ಣ ಶಾಣ್ಯಾ ಅದಾನ," ಎಂದಳು. ನನ್ನ ಬಗ್ಗೆ ಏನೂ ಹೇಳಲಿಲ್ಲ.

ಇಷ್ಟೊತ್ತಿಗೆ ಆ ಮನೆಯಲ್ಲಿ ಒಂದು ಜಗಳ ನಡೆಯುತ್ತಿದೆಯೆಂದು ನನಗೆ ತಿಳಿದಿತ್ತು. ನಗಸಾಂವನ ಜಗಳ. ಗೊಂಬೆ ಇನ್ನು ಹೊಲಿಯಲಾರದಷ್ಟು ಹಳತಾದರೆ ಅವರು ಅದನ್ನು ಮೂಲೆಗೆ ಎಸೆಯುವುದಿಲ್ಲ, ಯಾರಿಗೂ ಕೊಡುವುದೂ ಇಲ್ಲ. ಅರಿಶಿನ ಹಚ್ಚಿ, ಬಾಯಿಗೆ ಅನ್ನ ತೋರಿಸಿ, ಮನೆಯ ಹಿರಿಯರನ್ನು ಕಳಿಸಿದ ಹಾಗೆ ಹೊಳೆಗೆ ಬಿಡುತ್ತಾರೆ. ಬಿಡುವ ಮೊದಲು ಅದರ ಜಾಗಕ್ಕೆ ಹೊಸ ಗೊಂಬೆ ತಯಾರಿರಬೇಕು. ಮಗ ಆಡಿನ ತೊಗಲು ಹದಮಾಡಿ, ಹೊಸ ನಗಸಾಂವನನ್ನು ಕೊರೆದು, ಬಣ್ಣ ಹಾಕಿ ಮುಗಿಸಿದ್ದ. ಉಳಿದದ್ದು ಒಂದೇ, ಬಿದಿರಿನ ಕೋಲು ಕಟ್ಟುವುದು. ಕೋಲು ಎಲ್ಲಿ ಕಟ್ಟುತ್ತೀರೋ ಗೊಂಬೆ ಜೀವಮಾನವಿಡೀ ಹಾಗೆಯೇ ನಿಲ್ಲುತ್ತದೆ. ಬಿಚ್ಚಿ ಮತ್ತೆ ಕಟ್ಟಿದರೆ ತೂತು ಹರಿಯುತ್ತದೆ.

ಮಗನಿಗೆ ಕೋಲನ್ನು ಅಪ್ಪನ ರೀತಿಯಲ್ಲಿ, ಮೇಲೆ ಭುಜಕ್ಕೆ ಕಟ್ಟಬೇಕು. ಹಾಗೆ ಕಟ್ಟಿದರೆ ಗೊಂಬೆಯ ತಲೆ ಮಾತ್ರ ಪರದೆಗೆ ತಾಗುತ್ತದೆ, ಕಾಲು ಹಿಂದಕ್ಕೆ ಜೋತುಬೀಳುತ್ತದೆ. ಆಯಿಗೆ ಅದು ಕಂಡರಾಗದು. ನಡುವಿಗೆ ಕಟ್ಟು, ನೆಟ್ಟಗೆ ನಿಲ್ಲಲಿ, ತಲೆಯಿಂದ ಕಾಲಿನವರೆಗೆ ಪರದೆಗೆ ಅಂಟಲಿ ಅನ್ನುತ್ತಾಳೆ.

"ಸತ್ತ ಆಡು ತೂಗಹಾಕಿದಾಂಗ ಹಿಡೀತಿದ್ದ ನಿಮ್ಮಪ್ಪ," ಎಂದಳು ಒಂದು ದಿನ, ನಮ್ಮೆಲ್ಲರ ಮುಂದೆಯೇ. "ನಲವತ್ತ ವರ್ಷ ಹೇಳೇ ಹೇಳಿದೆ. ನೆಟ್ಟಗ ಹಿಡಿ, ನೆಟ್ಟಗ ಹಿಡಿ. ಕೇಳಲಿಲ್ಲ."

"ಅಪ್ಪ ನಿನಗೂ ಹೇಳತಿದ್ದ," ಎಂದ ಮಗ. "ಒಮ್ಮಿ ಮುಂದ ಹೋಗಿ ನೋಡ ಅಂತ."

"ನಾ ಮುಂದ ಹೋಗಿ ಕುಂತ್ರ ಹಿಂದ ಹಾಡಾವ್ರು ಯಾರು? ಅಂವಾ ಹಾಡತಿದ್ನೇನು?"

ಆಗ ನನಗೆ ತಿಳಿದದ್ದು ಇದು. ಆಯಿ ಹುಟ್ಟಿದ್ದೂ ಗೊಂಬೆಯಾಟದ ಮನೆಯಲ್ಲಿ, ಬಂದದ್ದೂ ಅಂಥದೇ ಮನೆಗೆ. ಚಿಕ್ಕವಳಿದ್ದಾಗ ಅವ್ವನ ತೊಡೆಯ ಮೇಲೆ ಪರದೆಯ ಹಿಂದೆ ಕೂತಿದ್ದಳು, ಮದುವೆಯಾದ ಮೇಲೆ ಗಂಡನ ಎಡಕ್ಕೆ ಹಾಡಲು ಕೂತಳು. ಪರದೆಯ ಮುಂದಿನ ಜಾಗದಲ್ಲಿ ಅವಳು ಒಂದು ದಿನವೂ ಕೂತಿಲ್ಲ. ಊರೂರ ಮಂದಿ ನೋಡಿ ನಕ್ಕ ತನ್ನ ಮನೆಯ ಆಟವನ್ನು ಅವಳು ನೋಡಿಯೇ ಇಲ್ಲ. ಗಂಡ ಸರಿಯೋ ತಾನು ಸರಿಯೋ, ಅದು ಅವಳಿಗೆ ಗೊತ್ತಿಲ್ಲ. ಜಗಳವಾಡಲು ಗಂಡನೂ ಈಗ ಇಲ್ಲ.

ಇದನ್ನು ಕೇಳಿ ನನಗೆ ಖುಷಿಯಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಖುಷಿಯಾಯಿತು. ನಾನು ಮೊದಲ ದಿನದಿಂದ ಹೇಳುತ್ತ ಬಂದದ್ದು ಇದನ್ನೇ ಅಲ್ಲವೇ? ಎದುರಿನಿಂದ ತೆಗೆಯಿರಿ ಅಂತ. ಮರುದಿನ ಮಧ್ಯಾಹ್ನ, ಮೇಡಮ್ ಇಲ್ಲದ ಹೊತ್ತು ನೋಡಿ, ಆಯಿ ಮತ್ತು ಮಗ ಪರದೆಯ ಹಿಂದೆ ಅಭ್ಯಾಸ ಮಾಡುತ್ತಿದ್ದಾಗ, ನನ್ನದೇ ಕ್ಯಾಮೆರಾ ತೆಗೆದು ಪರದೆಯ ಮುಂದೆ ಕೂತು ನಗಸಾಂವನನ್ನು ಶೂಟ್ ಮಾಡಿದೆ. ಮಗ ಅಪ್ಪನ ರೀತಿಯಲ್ಲೇ ಹಿಡಿದಿದ್ದ. ಆಟ ನಿಂತಮೇಲೆ ಓಡಿಹೋಗಿ ಆಯಿಗೆ ತೋರಿಸಿದೆ.

ಅವಳು ಕ್ಯಾಮೆರಾದ ಪುಟ್ಟ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಸೆರಗಿನಿಂದ ಒರೆಸಿದಳು.

"ಇದರಾಗ ಏನು ತಿಳಿಬೇಕು ತಮ್ಮಾ?" ಎಂದಳು. "ಬೆಂಕಿಪೊಟ್ಟಣದಷ್ಟ ಐತಿ. ಇದು ನೀ ನೋಡಿದ್ದು. ನಾ ನೋಡಿದ್ದಾಗಲಿಲ್ಲ."

ಸಂಜೆ ಬಂದ ಮೇಡಮ್ಮರಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಅವರು ಬೈಯಲಿಲ್ಲ. "ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆ ಅಲ್ರೀ," ಅಂದರು ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾನು ಹೋಗಿ ಬೋರಲು ಬಿದ್ದ ತೆಪ್ಪದ ಮೇಲೆ ಮುನಿಸಿಕೊಂಡು ಕೂತೆ. ಸೊಸೆ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟಳು. ನಾನು ಮೀನು ತಿನ್ನುವವನಲ್ಲವಾದ್ದರಿಂದ ಅವರು ನನಗೆಂದು ಬೇರೆ ಡಬ್ಬಿಯಲ್ಲಿ ಚಟ್ನಿ ಇಟ್ಟಿರುತ್ತಿದ್ದರು. ಇಂಥ ಮಂದಿಯ ಮೇಲೆ ಮುನಿಸಿಕೊಳ್ಳುವುದೂ ಕಷ್ಟ. ಎರಡು ರೊಟ್ಟಿ ತಿಂದೆ.

ರೊಟ್ಟಿ ತಿನ್ನುತ್ತಿದ್ದಾಗಲೇ ಒಳಗಿನಿಂದ ಮಾತು ಕೇಳಿಸಿತು. ಆಯಿ ಮಗನಿಗೆ ಕೋಲು ನಡುವಿಗೇ ಕಟ್ಟು ಅನ್ನುತ್ತಿದ್ದಳು, ಇವತ್ತೇ ಕಟ್ಟಿ ಮುಗಿಸು ಅನ್ನುತ್ತಿದ್ದಳು. ಸೊಸೆ ಎದ್ದು ಒಳಗೆ ಹೋದಳು. ನಾನು ಬಾಗಿಲಲ್ಲಿ ಹೋಗಿ ನಿಂತೆ.

"ನೀವು ಮುಂದ ಹೋಗಿ ಕುಂದರ್ರಿ ಅತ್ತೀ," ಎಂದಳು. "ನಾ ಹಾಡತೇನಿ."

ಆ ಮನೆಯಲ್ಲಿ ಆಯಿ ಇರುವಾಗ ಇನ್ನೊಬ್ಬರು ಹಾಡಿದ್ದಿಲ್ಲ. ಹಿರಿಯಳು ತಾನಾಗಿ ಬಿಟ್ಟುಕೊಟ್ಟ ಮೇಲೆಯೇ ಕಿರಿಯಳು ಬಾಯಿ ತೆರೆಯಬೇಕು, ಅದು ಅವರ ರೀತಿ. ಮಗ ಕೈಯಲ್ಲಿದ್ದ ದಾರ ಕೆಳಗಿಟ್ಟ. ಆಯಿ ಸೊಸೆಯ ಮುಖವನ್ನೇ ನೋಡಿದಳು.

"ನಿನಗ ಎಲ್ಲಿಂದ ಬರತೈತಿ? ನಾ ಕಲಿಸಿಲ್ಲ."

ಸೊಸೆ ಸೊಂಟದಿಂದ ಮೊಬೈಲು ತೆಗೆದು ಹಚ್ಚಿದಳು. ಅದೇ ಚಿತ್ರಗಳು. ಅತ್ತೆಯ ಕುತ್ತಿಗೆ, ಅತ್ತೆಯ ಗಂಟಲು, ತೊಡೆಯ ಮೇಲಿನ ಬೆರಳು. ಹಾಡು ಎಲ್ಲಿ ಏಳುತ್ತದೆ, ಎಲ್ಲಿ ಉಸಿರು ಹಿಡಿಯುತ್ತಾಳೆ, ಯಾವ ಬಡಿತಕ್ಕೆ ಗೊಂಬೆ ತಿರುಗುತ್ತದೆ, ಎಲ್ಲಾ ಅದರಲ್ಲಿತ್ತು. ಮೀನು ಮಾರಲು ಹೋಗುವಾಗ, ಬರುವಾಗ ಕೇಳಿಕೊಂಡು ಕಲಿತಿದ್ದಳು. ನಾನು ಹೀಯಾಳಿಸಿದ ಮೊಣಕೈ, ಬೆನ್ನುಗಳು ಅವಳಿಗೆ ಪಾಠವಾಗಿದ್ದವು. ನನ್ನ ಮುಖ ಬಿಸಿಯಾಯಿತು.

ಆಯಿ ಮೊಬೈಲಿನಲ್ಲಿ ತನ್ನ ಗಂಟಲನ್ನೇ ನೋಡುತ್ತ ಕೂತಳು. ಕಡೆಗೆ, "ಎರಡನೇ ಸಾಲಿಗೆ ಉಸರ ಹಿಡೀಬ್ಯಾಡ, ಹೆಣ್ಣುಗೊಂಬಿ ಬಂದಮ್ಯಾಲ ಹಿಡಿ," ಎಂದಳು. ಅಷ್ಟೇ. ಹಾಡನ್ನು ಬಿಟ್ಟುಕೊಟ್ಟದ್ದು ಆ ಮಾತಿನಲ್ಲೇ ಆಯಿತು.

ಆಟವನ್ನು ಹಗಲಲ್ಲೇ ಇಟ್ಟೆವು. ಸಂಜೆಯಾದರೆ ಗಂಡಸರು ಬಲೆ ಹಾಕಲು ಹೋಗಬೇಕು, ಬೆಳಿಗ್ಗೆ ಹೆಂಗಸರು ಮೀನಿನ ಬುಟ್ಟಿ ಹೊರಬೇಕು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎಲ್ಲರೂ ಸಿಗುತ್ತಾರೆ. ಊರಿನ ಸಮುದಾಯ ಭವನದ ಕಿಟಕಿಗಳಿಗೆಲ್ಲ ಕಬ್ಬಿನವರಿಂದ ಕೇಳಿ ತಂದ ತಾಡಪಾಲು ಕಟ್ಟಿದೆವು. ಬಾಗಿಲಿಗೆ ಕಂಬಳಿ. ಒಳಗೆ ಗವ್ವೆನ್ನುವ ಕತ್ತಲು, ಹೊರಗೆ ಕಣ್ಣು ಕೋರೈಸುವ ಬಿಸಿಲು. ಅಣ್ಣ ಬನಹಟ್ಟಿಯಿಂದ ಬಸ್ಸು ಹತ್ತಿ ಬಂದ. ಬಂದವನೇ ಪರದೆಯ ಅಂಚು ಹಿಡಿದು ಎಳೆದು ನೋಡಿ, ಹೊಲಿಗೆ ಸೊಟ್ಟಗಿದೆ ಎಂದ.

ಆಯಿ ಮುಂದೆ ಹೋದದ್ದರಿಂದ ಹಿಂದೆ ಒಬ್ಬರು ಕಡಿಮೆಯಾದರು. ಸೊಸೆ ಹಾಡಬೇಕು, ತಾಳವನ್ನು ಮೇಡಮ್ಮರ ಕೈಗೆ ಕೊಟ್ಟರು. ಕುದುರೆ ಓಡುವಾಗ, ಹೊಡೆದಾಟ ಬಂದಾಗ ಕಾಲಲ್ಲಿ ತುಳಿದು ಸದ್ದು ಮಾಡುವ ಹಲಗೆ ಒಂದು ಇತ್ತು. ಅದನ್ನು ತುಳಿಯಲು ನಾನು. ಇಬ್ಬರು ಹೆಂಗಸರು ಮೊಬೈಲು ಹಿಡಿದು ಹಿಂದೆಯೇ ನಿಂತರು.

"ಮುಂದ ಯಾರದಾರು ಕ್ಯಾಮೆರಾ ಹಿಡ್ಕೊಂಡು?" ಎಂದೆ. ರೂಢಿಯ ಬಾಯಿ, ಸುಮ್ಮನಿರಲಿಲ್ಲ.

"ಯಾರೂ ಇಲ್ಲ," ಎಂದಳು ಸೊಸೆ. "ಅತ್ತಿ ಬ್ಯಾಡ ಅಂದಾರ. ಇವತ್ತ ನಾ ನೋಡಬೇಕು, ನನ್ನ ಯಾರೂ ನೋಡಬಾರದು ಅಂದಾರ."

ನಾನು ಹಲಗೆಯ ಹತ್ತಿರ ಹೋಗಿ ನಿಂತೆ. ಜೀವಮಾನದಲ್ಲಿ ಮೊದಲ ಸಲ ನಾನು ಹಿಂದಿದ್ದೆ, ಕೈಯಲ್ಲಿ ಏನೂ ಇರಲಿಲ್ಲ.

ದೀಪ ಹತ್ತಿತು. ಸೊಸೆಯ ದನಿ ಮೊದಲು ನಡುಗಿತು. ಮುಂದಿನಿಂದ ಆಯಿ ಕೆಮ್ಮಿದಳು. ಅದು ಬೈಗುಳವೋ ಧೈರ್ಯವೋ ಗೊತ್ತಾಗಲಿಲ್ಲ, ಆದರೆ ಆಮೇಲೆ ದನಿ ಗಟ್ಟಿಯಾಯಿತು. ರಾಜ ಬಂದ, ರಾಣಿ ಬಂದಳು. ಹೆಣ್ಣುಗೊಂಬೆ ಬಂದ ಮೇಲೆಯೇ ಉಸಿರು ಹಿಡಿದಳು. ಕುದುರೆ ಓಡುವಾಗ ನಾನು ತುಳಿದದ್ದು ಒಂದು ಹೆಜ್ಜೆ ಹಿಂದೆ ಬಿತ್ತು. ಕುದುರೆ ನಿಂತ ಮೇಲೂ ನಾನು ತುಳಿಯುತ್ತಿದ್ದೆ. ಮುಂದೆ ಜನ ನಕ್ಕರು. ಮಗ ಹಲ್ಲು ಕಚ್ಚಿ ನಗು ತಡೆದುಕೊಂಡದ್ದು ನನಗೆ ಕಾಣಿಸಿತು.

ಆಮೇಲೆ ಸೊಸೆ ಹಳೆಯ ನಗಸಾಂವನನ್ನು ಪೆಟ್ಟಿಗೆಯಿಂದ ಎತ್ತಿ ಗಂಡನ ಕೈಗೆ ಕೊಟ್ಟಳು. ಅವನು ತಡೆದ. ಯಾವ ರೀತಿ ಹಿಡಿಯಬೇಕು?

ಮುಂದಿನಿಂದ ಆಯಿಯ ದನಿ ಬಂತು. "ಮೊದಲ ನಾ ಹೇಳಿದಾಂಗ ಹಿಡಿ."

ಅವನು ಇನ್ನೊಂದು ಕೈ ಗೊಂಬೆಯ ನಡುವಿಗೆ ಕೊಟ್ಟು ನೆಟ್ಟಗೆ ಪರದೆಗೆ ಒತ್ತಿದ. ತಲೆ, ಹೊಟ್ಟೆ, ಕಾಲು ಎಲ್ಲಾ ಬಟ್ಟೆಗೆ ಅಂಟಿತು. ನಾನಿದ್ದ ಜಾಗದಿಂದ ಅದು ಬಹಳ ಚೊಕ್ಕಟವಾಗಿ ಕಾಣುತ್ತಿತ್ತು. ಮುಂದೆ ಕೂತ ಜನ ಸುಮ್ಮನೆ ನೋಡಿದರು.

"ಇನ್ನ ನಿಮ್ಮಪ್ಪ ಹಿಡಿದಾಂಗ ಹಿಡಿ."

ಅವನು ನಡುವಿನ ಕೈ ತೆಗೆದ. ಗೊಂಬೆಯ ತಲೆ ಮಾತ್ರ ಪರದೆಗೆ ತಾಗಿತು. ಮೈ ಓರೆಯಾಗಿ, ಕಾಲು ಹಿಂದಕ್ಕೆ ಜೋತುಬಿತ್ತು. ನನ್ನ ಕಣ್ಣಿಗೆ ಕಂಡದ್ದು ಹರಿದ ತೊಗಲಿನ ಒಂದು ತುಂಡು, ನಿಜಕ್ಕೂ ಸತ್ತ ಆಡನ್ನು ತೂಗುಹಾಕಿದ ಹಾಗೆ. ನಲವತ್ತು ವರ್ಷ ಅವಳು ನೋಡಿದ್ದು ಇದನ್ನೇ. ಆಯಿ ಹೇಳುವುದು ಸರಿಯಿದೆಯಲ್ಲ ಅನ್ನಿಸಿತು ನನಗೆ.

ಮುಂದೆ ಮಕ್ಕಳು ನಗಲು ಶುರುಮಾಡಿದವು. ಆಮೇಲೆ ಹೆಂಗಸರು. ಆಮೇಲೆ ಇಡೀ ಭವನ. ನಗಸಾಂವ ಒಂದು ಮಾತೂ ಆಡಿರಲಿಲ್ಲ, ಬರೇ ನಡೆಯುತ್ತಿದ್ದ. ಏನು ಕಾಣುತ್ತಿದೆಯೆಂದು ನನಗೆ ತಿಳಿಯಲಿಲ್ಲ. ಆಮೇಲೆ ಅಣ್ಣ ಹೇಳಿದ. ದೀಪ ಮೇಲಿದ್ದದ್ದರಿಂದ, ಪರದೆಯಿಂದ ದೂರವಿದ್ದ ಕಾಲುಗಳ ನೆರಳು ಉದ್ದವಾಗಿ, ಮಸುಕಾಗಿ ಬಿದ್ದು, ಅವನು ಹೊಳೆಯ ನೀರಿನಲ್ಲಿ ಕಾಲು ಎತ್ತಿ ಎತ್ತಿ ಇಡುತ್ತ, ದೂರದಿಂದ ದಂಡೆಗೆ ಬಂದಂತೆ ಕಂಡನಂತೆ. ಮುಖ ಮಾತ್ರ ಎದ್ದು ಕಾಣುತ್ತಿತ್ತಂತೆ. "ಖರೇ ಮನಿಷಾ ಬಂದಾಂಗಾತು," ಎಂದ ನಮ್ಮಣ್ಣ, ಯಾವುದನ್ನೂ ಸುಲಭಕ್ಕೆ ಮೆಚ್ಚದವನು.

ನಗು ಇಳಿಯಿತು. ಆಯಿಯ ದನಿ ಮಾತ್ರ ಇಲ್ಲ. ಸೊಸೆ ಹಾಡು ನಿಲ್ಲಿಸಿದಳು. ಮಗ ಗೊಂಬೆ ಹಿಡಿದುಕೊಂಡೇ ಕಾಯ್ದ. ನಾನು ಕಾಲು ಎತ್ತಿದವನು ಹಲಗೆಯ ಮೇಲೆ ಇಡಲೇ ಇಲ್ಲ.

"ಖರೆ ಹೇಳಿದ್ದ ಅಂವಾ," ಎಂದಳು ಆಯಿ.

ಅಷ್ಟು ದೊಡ್ಡ ದನಿಯ ಹೆಣ್ಣುಮಗಳು ಅದನ್ನು ಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು. ಭವನ ಸುಮ್ಮನಿದ್ದದ್ದರಿಂದ ನಮಗೂ ಕೇಳಿಸಿತು. ಸ್ವಲ್ಪ ತಡೆದು, ಎಂದಿನ ದನಿಯಲ್ಲಿ, "ಭುಜಕ್ಕ ಕಟ್ಟು," ಎಂದಳು. "ಹಾಡ ಯಾಕ ನಿಲ್ಲಿಸೀರಿ? ನಾ ನೋಡಾಕತ್ತೇನಿ."

ಸಿನಿಮಾ ಆಯಿತು. ಹೆಂಗಸರೇ ಕೂತು ಯಾವುದು ಇರಬೇಕು, ಯಾವುದು ಬೇಡ ಎಂದು ಹೇಳಿದರು, ನಾನು ನನ್ನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅವರು ಹೇಳಿದಲ್ಲಿ ಕತ್ತರಿಸಿದೆ. ಎದುರಿನಿಂದ ತೆಗೆದ ಒಂದು ಚಿತ್ರವೂ ಅದರಲ್ಲಿಲ್ಲ. ನಾನು ಕದ್ದು ತೆಗೆದದ್ದನ್ನು ನಾನೇ ಅಳಿಸಿದ್ದೆ. ಮುಧೋಳದಲ್ಲಿ ಒಮ್ಮೆ, ಬೀಳಗಿಯಲ್ಲಿ ಒಮ್ಮೆ ತೋರಿಸಿದರು. ನೋಡಿದವರು ಕೇಳಿದರು, ಗೊಂಬೆ ಮುಂದಿನಿಂದ ಹೆಂಗ ಕಾಣತೈತಿ ಅನ್ನೂದ ತೋರಿಸಿಲ್ಲಲ್ರೀ ಅಂತ. ಸೊಸೆ ಎದ್ದು ನಿಂತು ಹೇಳಿದಳು: "ಅದಕ್ಕ ನೀವ ನಮ್ಮ ಊರಿಗೆ ಬರಬೇಕ್ರಿ." ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪರದೆಯ ಮೇಲೆ ನನ್ನ ಕಾಲು ಹಲಗೆಯನ್ನು ತಪ್ಪಾಗಿ ತುಳಿಯುವುದು ಬಂದಾಗಲೆಲ್ಲ ಜನ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಈಗಲೂ ಮದುವೆಗಳಿಗೆ ಹೋಗುತ್ತೇನೆ, ಎದುರಿನಿಂದಲೇ ತೆಗೆಯುತ್ತೇನೆ. ಆದರೆ ಅಯ್ಯನವರ ಬೆನ್ನು ಅಡ್ಡ ಬಂದರೆ ಸರಿಸುವುದಿಲ್ಲ, ಒಂದು ಸುತ್ತು ಹಾಕಿ ಅವರ ಹಿಂದೆಯೂ ನಿಂತು ನೋಡುತ್ತೇನೆ.

ಆಟದ ದಿನದ್ದೇ ಒಂದು ಸಂಗತಿ ಸಿನಿಮಾದಲ್ಲಿಲ್ಲ. ಆಟ ಮುಗಿದು, ಹೊಸ ಗೊಂಬೆಯ ಭುಜಕ್ಕೆ ಕೋಲು ಕಟ್ಟಿ, ಹಳೆಯದನ್ನು ಹೊಳೆಗೆ ಒಯ್ದಾಗ ಮಧ್ಯಾಹ್ನ ಇಳಿಯುತ್ತಿತ್ತು. ಮೊಬೈಲು ಹಿಡಿದ ಹೆಂಗಸರು ತಾವಾಗಿಯೇ ಅವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ತೆಪ್ಪದಲ್ಲಿ ಆಯಿ, ಮಗ, ಸೊಸೆ. ಅಣ್ಣನೂ ನಾನೂ ದಂಡೆಯ ಹತ್ತಿರ ಮೊಣಕಾಲು ನೀರಿನಲ್ಲಿ ನಿಂತಿದ್ದೆವು. ಅರಿಶಿನ ಹಚ್ಚಿದರು, ಅನ್ನ ತೋರಿಸಿದರು. ಆಯಿ ನಗಸಾಂವನನ್ನು ಕೈಗೆ ತೆಗೆದುಕೊಂಡಳು. ಒಮ್ಮೆಲೇ ನೀರಿಗೆ ಬಿಡಲಿಲ್ಲ. ಕೋಲನ್ನು ಭುಜದ ಹತ್ತಿರ ಹಿಡಿದು, ತಲೆ ಮುಂದೆ ಬಾಗಿಸಿ, ಕಾಲು ಜೋತುಬಿಟ್ಟು, ಗಂಡ ಹಿಡಿಯುತ್ತಿದ್ದ ಹಾಗೆ, ಇಳಿಬಿಸಿಲಿಗೆ ಎತ್ತಿ ನೋಡಿದಳು. ಅವಳ ಕೈಗೆ ಆ ಹಿಡಿತ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಬಗ್ಗಿ ನೀರಿನ ಮೇಲೆ ಇಟ್ಟಳು.

"ಹೋಗಿ ಹೇಳು ಅವಗ," ಎಂದಳು. "ಇನ್ನ ಬೈಯೂದಿಲ್ಲ ಅಂತ ಹೇಳು."